ನೆಲ ಕರಗುವವರೆಗೆ

ಬೆಳಗಿನ ಐದಕ್ಕೆ ಥರ್ಮಾಮೀಟರಿನ ಕೆಂಪು ಗೆರೆ
ತಳಕ್ಕೆ ಹೋಗಿ ಕೂತುಬಿಟ್ಟಿದೆ.
ಸುಪೀರಿಯರ್ ಸರೋವರದ ಕಡೆಯಿಂದ ಬರುವ ಗಾಳಿಗೆ
ಬಾಗಿಲು ತಟ್ಟಿ ಗೊತ್ತಿಲ್ಲ.
ಕಾನ್ವೆಂಟಿನಲ್ಲಿ ನಾವೀಗ ನಾಲ್ವರೇ;
ನಲವತ್ತು ಕೋಣೆ, ಮೂವತ್ತಾರಕ್ಕೆ ಹೀಟರ್ ಬಂದ್.
ಪ್ರಾರ್ಥನೆಯ ನಡುವೆ ಸಿಸ್ಟರ್ ಕ್ಲೋಟಿಲ್ಡಾ
ಸಾಲು ಮರೆತು ಕೆಮ್ಮುತ್ತಾಳೆ.
ಕೆಮ್ಮು ಮುಗಿಯುವವರೆಗೆ ಕಾಯುತ್ತೇವೆ,
ಅದೂ ಪುಸ್ತಕದಲ್ಲಿ ಇರುವಂತೆ.

ಆಮೇಲೆ ಸಲಿಕೆ.
ಮೆಟ್ಟಿಲ ಹಿಮ ಎತ್ತುವುದು ನನ್ನ ಪಾಲು,
ಎಪ್ಪತ್ತೊಂದಾದರೂ ಇಲ್ಲಿ ನಾನೇ ಕಿರಿಯವಳು.
ಯಂತ್ರ ತರುತ್ತೇನೆ ಅನ್ನುತ್ತಾನೆ ಎದುರುಮನೆಯ ಟೋಯಿವೊ, ಪ್ರತಿ ವರ್ಷ;
ಪ್ರತಿ ವರ್ಷ ಅವನ ಯಂತ್ರ ಕೆಟ್ಟಿರುತ್ತದೆ.
ಬದಲಿಗೆ ಉಪ್ಪು ಎರಚಿ ಹೋಗುತ್ತಾನೆ,
ಕೋಳಿಗೆ ಕಾಳು ಹಾಕಿದ ಹಾಗೆ.

ಒಂಬತ್ತಕ್ಕೆ ಲಾಂಡ್ರಿ.
ಚರ್ಚಿನ ನೆಲಮಾಳಿಗೆಯಲ್ಲಿ ರಾತ್ರಿ ಮಲಗಿದವರ
ಹದಿನೇಳು ಕಂಬಳಿ, ಲೆಕ್ಕವಿಲ್ಲದ ಕಾಲುಚೀಲ.
ಕಾರಿನ ಡಿಕ್ಕಿ ಮುಚ್ಚುವುದಿಲ್ಲ;
ಹಳೆಯ ನಿಲುವಂಗಿಯ ಸೊಂಟದ ಹುರಿ ತಂದು ಬಿಗಿಯುತ್ತೇನೆ.
ಅದರಲ್ಲಿ ಮೊದಲೇ ಮೂರು ಗಂಟು:
ಬಡತನ, ಬ್ರಹ್ಮಚರ್ಯ, ವಿಧೇಯತೆ.
ನಾಲ್ಕನೆಯದು ಡಿಕ್ಕಿಯದು.
ಆಗಾಗ ಸಡಿಲಾಗುವುದು ಅದೊಂದೇ
ಅಂತ ಹೇಳಿದರೆ ಸುಳ್ಳಾದೀತು.

ಬಿಸಿ ಟವೆಲ್ಲಿನ ರಾಶಿಯ ಮೇಲೆ ಮಗುವನ್ನು ಕೂರಿಸಿ
ರೊವೀನಾ ಒಂದು ಫಾರಂ ಚಾಚುತ್ತಾಳೆ,
ಮನೆ ಬೆಚ್ಚಗಿಡಲು ಸರ್ಕಾರದ ನೆರವು.
ಓದಿ ಹೇಳುತ್ತೇನೆ:
ಕಳೆದ ಚಳಿಗಾಲದ ಬಿಲ್ಲು ಲಗತ್ತಿಸಿ.
ಕಳೆದ ಚಳಿಗಾಲ ಅವರು ಕಾರಿನಲ್ಲಿದ್ದರು.
ಡ್ರೈಯರಿಗೆ ಇನ್ನೊಂದು ನಾಣ್ಯ ಹಾಕುತ್ತೇನೆ,
ಮಗು ಅದರ ಕಿಟಕಿಯಲ್ಲಿ
ತಿರುಗುವ ಕಂಬಳಿಗಳನ್ನು ನೋಡುತ್ತದೆ.

ಒಂಟಿ ಕಾಲುಚೀಲಗಳು ಎಲ್ಲಿಂದ ಬರುತ್ತವೋ!
ಅರ್ವಿಡ್ ಇದ್ದಾಗ ತೊಂದರೆ ಇರಲಿಲ್ಲ.
ಅದಿರು ಹಡಗಿನಲ್ಲಿ ದುಡಿದವನು,
ಬೇಕಂತಲೇ ಎರಡು ಬಣ್ಣದವು ಆರಿಸುತ್ತಿದ್ದ:
“ಎರಡು ಕಾಲಿಗೂ ಒಂದೇ ಥರದ ಚಳಿ ಆಗೋದಿಲ್ಲ, ಸಿಸ್ಟರ್.”
ಜನವರಿಯ ಎರಡನೇ ವಾರ, ಕಾಫಿಗೆ ಕರೆದರೆ
ಏಳಲಿಲ್ಲ.

ಕೌಂಟಿ ಆಫೀಸಿನ ಕಾಗದ ಕೇಳಿತು:
ಮೃತರಿಗೂ ನಿಮಗೂ ಏನು ಸಂಬಂಧ?
ಬರೆದೆ: ಸಿಸ್ಟರ್.
ಗುಮಾಸ್ತೆ ಕನ್ನಡಕದ ಮೇಲಿಂದ ನನ್ನ ಮುಖ ನೋಡಿದಳು,
ಕೊರಳ ಶಿಲುಬೆ ನೋಡಿದಳು,
ಮೊಹರು ಒತ್ತಿದಳು.

ಇಲ್ಲಿ ಚಳಿಯಲ್ಲಿ ಯಾರನ್ನೂ ಹೂಳುವುದಿಲ್ಲ.
ನಾಲ್ಕಡಿ ಆಳದವರೆಗೂ ಮಣ್ಣು ಕಲ್ಲು.
ಸ್ಮಶಾನದ ಗುಡ್ಡಕ್ಕೆ ಒರಗಿದ ಇಟ್ಟಿಗೆ ಕೋಣೆಯಲ್ಲಿ
ಮೇ ತಿಂಗಳಿಗೆ ಕಾಯುತ್ತಾರೆ ಎಲ್ಲರೂ,
ಬ್ಯಾಂಕ್ ಮ್ಯಾನೇಜರರ ತಾಯಿ, ಶಾಲೆಯ ಬಸ್ಸಿನ ಡ್ರೈವರು,
ಅವರ ಪಕ್ಕದಲ್ಲೇ ಅರ್ವಿಡ್.
ಹನ್ನೊಂದು ವರ್ಷದ ಮೇಲೆ
ಅವನಿಗೊಂದು ಖಾಯಂ ವಿಳಾಸ.

ಮಂಗಳವಾರ ಸಂಜೆ ಪುರಸಭೆ.
ನೆಲಮಾಳಿಗೆ ಮುಚ್ಚಬೇಕಂತೆ, ಎರಡನೇ ಬಾಗಿಲಿಲ್ಲವಂತೆ.
ಮಾತಿಗೆ ಮೂರು ನಿಮಿಷ ಕೊಟ್ಟರು.
ಎರಡು, ಕನ್ನಡಕ ಹುಡುಕುವುದರಲ್ಲೇ ಹೋದವು.
ಉಳಿದ ಒಂದರಲ್ಲಿ ಹದಿನೇಳು ಹೆಸರು ಓದಿದೆ,
ಬಾಯಿತಪ್ಪಿ ಹದಿನೆಂಟು.
ಅಧ್ಯಕ್ಷರು ಗಡಿಯಾರ ನೋಡಿದರು, ಯಾರೋ ಮೂಗು ಸೀನಿದರು,
ತೀರ್ಮಾನ ಮುಂದಿನ ತಿಂಗಳಿಗೆ ಹೋಯಿತು.
ಮುಂದಿನ ತಿಂಗಳೂ ಇಲ್ಲಿ ಚಳಿಯೇ.

ಹೊರಗೆ ಟೋಯಿವೊ ನನ್ನ ಗಾಜಿನ ಮಂಜು ಕೆರೆಯುತ್ತ ನಿಂತಿದ್ದ.
“ಬಾಗಿಲು ತಾನೆ? ನನ್ನ ಹತ್ತಿರ ಒಂದು ಇದೆ,” ಅಂದ.
ಯಂತ್ರದ ಹಾಗೋ, ಅಂತ ಕೇಳಲಿಲ್ಲ.

ಕಾರಿನ ಪೆಟ್ಟಿಗೆಯಲ್ಲಿ ಎರಡು ಕಾಲುಚೀಲ ಇಟ್ಟಿದ್ದೇನೆ,
ಒಂದು ಹಸಿರು, ಒಂದು ಬೂದು.
ಮೇ ತಿಂಗಳಿಗೆ.

ದೀಪ ಆರಿಸುವ ಹೊತ್ತು
ತಣ್ಣಗಿನ ಕಾರಿಡಾರಿನ ಆ ತುದಿಯಿಂದ ಕ್ಲೋಟಿಲ್ಡಾಳ ಕೂಗು:
ಬೆಳಿಗ್ಗೆ ಮರೆತ ಸಾಲು ಈಗ ನೆನಪಾಯಿತಂತೆ,
ಬೆಳಗಿನದನ್ನು ರಾತ್ರಿ ಹೇಳಬಹುದೇ?
ಕಂಬಳಿ ಹೊದ್ದೇ ಎದ್ದು ಬರುತ್ತೇವೆ, ಮೂವರೂ,
ಹೇಳು, ಅನ್ನುತ್ತೇವೆ.