ಒಂಬತ್ತನೆಯ ಖಾನೆ

ಅಚ್ಚಾದ ರಿಜಿಸ್ಟರಿನಲ್ಲಿ ಎಂಟೇ ಖಾನೆ:
ಕ್ರಮಸಂಖ್ಯೆ, ತಾರೀಕು, ಕಾಗದದ ಬಗೆ,
ಬರೆದುಕೊಡುವವರ ಹೆಸರುವಿಳಾಸ,
ಗುರುತಿನ ಚೀಟಿ, ಟಿಕೆಟ್ಟು, ಫೀಸು, ಸಹಿ.

ಒಂಬತ್ತನೆಯದು ನಾನೇ ಗೆರೆ ಹೊಡೆದುಕೊಂಡದ್ದು,
ಮಗಳ ಕಂಪಾಸ್ ಪೆಟ್ಟಿಗೆಯ ಸ್ಕೇಲು ಹಿಡಿದು,
ಬಲಗಡೆಯ ಅಂಚಿನಲ್ಲಿ, ಎರಡು ಬೆರಳಗಲ:
ಯಾವ ಭಾಷೆಯಲ್ಲಿ ಓದಿ ಹೇಳಿದೆ.

ಹುಮನಾಬಾದಿನ ಕೋರ್ಟಿನ ಮುಂದೆ
ಝೆರಾಕ್ಸ್ ಅಂಗಡಿಗೂ ಚಹಾದ ಗಾಡಿಗೂ ನಡುವೆ ನನ್ನ ಟೇಬಲ್ಲು.
ಸಾಲದ ಕಾಗದ ಇಂಗ್ಲಿಷಿನಲ್ಲಿ ಬರುತ್ತದೆ, ಇಪ್ಪತ್ತೆಂಟು ಹಾಳೆ.
ಸಹಿ ಮಾಡುವವರು ಮರಾಠಿಯಲ್ಲಿ ಬರುತ್ತಾರೆ,
ದಖನಿಯಲ್ಲಿ, ತೆಲುಗಿನಲ್ಲಿ, ತಾಂಡಾದ ಮಾತಿನಲ್ಲಿ,
'ಏನದರಿ ಇದ್ರಾಗ' ಎನ್ನುವ ನಮ್ಮ ಕನ್ನಡದಲ್ಲಿ.

ಮಾಣಿಕಪ್ಪ ವಕೀಲರು ಸಾಯುವ ತನಕ ಹೇಳಿದ್ದೊಂದೇ:
ಖಾಲಿ ಸಾಲು ಬಿಡಬ್ಯಾಡ ತಂಗಿ,
ಖಾಲಿ ಸಾಲಿಗಿ ಕಾಲ್ ಬರ್ತಾವ.
ತಪ್ಪಾದರೆ ವೈಟ್ನರ್ ಇಲ್ಲ.
ಒಂದೇ ಗೆರೆ, ತಪ್ಪು ಕಾಣುವ ಹಾಗೆ,
ಪಕ್ಕದಲ್ಲಿ ಗಿಡ್ಡ ಸಹಿ.

ಅವತ್ತು ಒಂದನೇ ತಾರೀಕು.
ಫೈನಾನ್ಸಿನ ಹುಡುಗ ಹೆಲ್ಮೆಟ್ಟು ತೆಗೆಯದೆಯೇ ಅಂದ:
ಮೇಡಂ, ಮೂವತ್ತೊಂದು ಅಂತ ಹಾಕಿಬಿಡ್ರಿ,
ತಿಂಗಳ ಟಾರ್ಗೆಟ್ಟಿಗಿ ಒಂದ್ ಕಡಿಮಿ ಬಿದ್ದದ.
ರಿಜಿಸ್ಟರು ತಿರುಗಿಸಿ ತೋರಿಸಿದೆ.
ನಾನೂರ ಹದಿನಾರು: ಮೂವತ್ತೊಂದು, ಸಂಜೆ ಐದೂವರೆ. ಕೆಳಗೆ ಕೆಂಪು ಗೆರೆ.
ನಾನೂರ ಹದಿನೇಳು: ಒಂದು.
ನಡುವೆ ಇರುವೆ ತೂರಲಿಕ್ಕೂ ಜಾಗ ಇಲ್ಲಪ್ಪ.

ಅವನ ಹಿಂದೆ ಅಕ್ಕ, ತಮ್ಮ.
ಮಶಾಕನಿಗೆ ಸೆಕೆಂಡ್ ಹ್ಯಾಂಡ್ ಟಿಪ್ಪರು, ಏಳು ಲಕ್ಷ.
ಖೈರುನ್ನಿಸಾ ಜಾಮೀನು. ಶಾದಿಮಹಲಿನಲ್ಲಿ ಅಡುಗೆ ಕೆಲಸ,
ಎರಡು ಖೋಲಿಯ ಮನೆ ಅವಳ ಹೆಸರಿಗೆ.
ಇಪ್ಪತ್ತೆಂಟು ಹಾಳೆಯ ತಿರುಳನ್ನು ಹನ್ನೊಂದು ನಿಮಿಷ ಹೇಳಿದೆ.
ಜಾಮೀನ್ ಬೋಲೆ ತೋ ಕ್ಯಾ? ಅಂದಳು.
ಇನೊ ನೈ ಭರೇ ತೋ ತುಮ್ ಭರ್ನಾ, ಅಂದೆ.
ತಲೆಯಾಡಿಸಿದಳು.
ಬರೆದೆ: ದಖನಿ. ಜಾಮೀನಿನ ಅರ್ಥ ಕೇಳಿದರು, ಹೇಳಿದೆ.
ಎಡಗೈ ಹೆಬ್ಬೆಟ್ಟು. ಗೋರಂಟಿ ಇದ್ದುದರಿಂದ ಎರಡು ಸಲ ಒತ್ತಿಸಿದೆ.

ನಾಲ್ಕು ವರ್ಷದ ಮೇಲೆ ಸಮನ್ಸು. ರಿಜಿಸ್ಟರ್ ಸಮೇತ ಹಾಜರಾಗತಕ್ಕದ್ದು.
ತನಗೆ ಯಾರೂ ಓದಿ ಹೇಳಲಿಲ್ಲವೆಂದು ಅವಳ ತಕರಾರು.
ದಿನಾ ಮೂವತ್ತು ಮಂದಿ ಬರ್ತಾರ, ಈಕೀನ್ನ ಹ್ಯಾಂಗ ನೆನಪಿಟ್ರಿ?
ಅವಳ ವಕೀಲ ಕೇಳಿದ.
ನೆನಪಿಲ್ಲ, ಅಂದೆ. ಮುಖ ನಿಜವಾಗಿಯೂ ಮರೆತಿತ್ತು.
ಪುಸ್ತಕ ತೆರೆದು ನಾನೂರ ಹದಿನೇಳನ್ನು ಗಟ್ಟಿಯಾಗಿ ಓದಿದೆ,
ಒಂಬತ್ತನೆಯ ಖಾನೆಯ ತನಕ.

ಓದುತ್ತಿರುವಾಗಲೇ
ಪುಸ್ತಕದಲ್ಲಿ ಇಲ್ಲದ್ದೊಂದು ಎದ್ದು ಬಂತು:
ನಾನು ಜಾಮೀನಿನ ಅರ್ಥ ಹೇಳುವಾಗ
ಅವಳು ತಮ್ಮನ ಹೊಸ ಅಂಗಿಯ ಕಾಲರಿನಿಂದ
ಒಂದು ದಾರ ಕೀಳುತ್ತಿದ್ದಳು.
ಅದಕ್ಕೆ ಖಾನೆ ಇರಲಿಲ್ಲ.
ಅದನ್ನು ಯಾರೂ ಕೇಳಲಿಲ್ಲ.
ನಾನೂ ಹೇಳಲಿಲ್ಲ.

ಖರೆ ಬರೆದಿದ್ದೆ. ಆ ಖರೆಯಿಂದಲೇ ಅವಳು ಸೋತಳು.

ಮೆಟ್ಟಿಲ ಹತ್ತಿರ ತಡೆದು ನಿಲ್ಲಿಸಿದಳು.
ಬೈಯುತ್ತಾಳೆಂದು ರಿಜಿಸ್ಟರನ್ನು ಎದೆಗೆ ಒತ್ತಿ ಹಿಡಿದೆ.
ನೀವು ಹೇಳಿದ್ದು ಖರೇನೇ ಬಾಯಿ, ಅಂದಳು, ಈ ಸಲ ಕನ್ನಡದಲ್ಲಿ,
ನನಗ ಕೇಳಿಸಿದ್ದಿಲ್ಲ.

ಈಗ ಒಂಬತ್ತನೆಯ ಖಾನೆ ಆರು ಬೆರಳಗಲ.
ಓದಿ, ಪೆನ್ನು ಕೆಳಗಿಟ್ಟು, ಅನ್ನುತ್ತೇನೆ:
ಇನ್ನ ನೀವು ಹೇಳ್ರಿ, ನಾ ಬರೀತೀನಿ.
ಫೈನಾನ್ಸಿನ ಹುಡುಗರು ಗಡಿಯಾರ ನೋಡುತ್ತಾರೆ,
ಆಮೇಲೆ ಬೇರೆ ಟೇಬಲ್ಲು ನೋಡುತ್ತಾರೆ.

ಇವತ್ತಿನ ಕೊನೆಯ ಸಾಲು:
ಎಂಟುನೂರ ಮೂರು. ಸಂಜೆ ನಾಲ್ಕು ಇಪ್ಪತ್ತು.
ಹಿಟ್ಟಿನ ಗಿರಣಿಯ ಸಾಲಕ್ಕೆ ಜಾಮೀನು ಪತ್ರ.
ಘಮಲಿಬಾಯಿ ಕೋಂ ಥಾವರು ರಾಠೋಡ.
ಫೀಸು ನೂರು, ರಸೀದಿ ಕೊಟ್ಟಿದೆ.
ಭಾಷೆ ಲಂಬಾಣಿ. ಆಕೆಯೇ ಹೇಳಿದ್ದು:
'ಗಿರಣಿ ನಾದಿನಿದು. ಪಟ್ಟಾ ಹರದ್ರ ಒಳಗ ಕೈ ಹಾಕಾಕಿ ನಾ.'
ಕನ್ನಡಕ್ಕೆ ತಿರುಗಿಸಿದ್ದು ನಾನು.
ತಪ್ಪಿದ್ದರೆ ನನ್ನದು.