ಹದಿನಾಲ್ಕು ದಿನ

ಅಲ್ಲೀಪುರ ಕೆರೆಯ ಕಲ್ಲಿನಿಂದ
ಚಮಚದಲ್ಲಿ ಕೆರೆದು ತಂದ ಪಾಚಿ
ಒಂಬತ್ತು ದಿನ ಒಣಗಿತು ನೆರಳಲ್ಲಿ,
ಹಳೇ ಪೇಪರಿನ ಮೇಲೆ, ಫ್ಯಾನು ಹಾಕದೆ.
ಎರಡು ಕೊಡ ಹಸಿರು; ಉಳಿದದ್ದು ಒಂದು ಹಿಡಿ ಪುಡಿ.
ಆಲ್ಕೋಹಾಲಿನಲ್ಲಿ ನೆನೆದು, ಸೋಸಿ, ಆವಿಯಾಗಿ
ಶೀಶೆಯ ತಳಕ್ಕೆ ಅಂಟಿಕೊಂಡಿತು
ಬೇವಿನ ಅಂಟಿನಂಥ ಕಪ್ಪುಹಸಿರು.

ಇದು ಬಾವು ಇಳಿಸೀತೇ,
ಇಳಿಸಿದರೆ ಎಷ್ಟು? ಪ್ರಶ್ನೆ ಇಷ್ಟೇ.

ಅದಕ್ಕೆ ರಕ್ತ ಬೇಕು.
ಬಿಸಿಗೆ ಕೆಂಪುಕಣ ಒಡೆಯದಂತೆ
ಪಾಚಿ ತಡೆದರೆ ಗೆದ್ದಂತೆ.
ಐದು ಎಂಎಲ್ ಸಾಕು. ಆದರೆ ಕೊಡುವವರು
ಹದಿನಾಲ್ಕು ದಿನ
ನೋವಿನ ಗುಳಿಗೆ ನುಂಗಿರಬಾರದು.

ವಾಚ್‌ಮನ್ ಎರ್ರಿಸ್ವಾಮಿ ನಕ್ಕ:
"ನಿನ್ನೆ ರಾತ್ರಿನೂ ಒಂದು ಹಾಕ್ಕಂಡೀನಿ ಮೇಡಂ, ಮೊಣಕಾಲು."
ಕಸ ಹೊಡೆಯುವ ಸುಂಕಮ್ಮ
ಸೆರಗಿನ ಗಂಟು ಬಿಚ್ಚಿ ತೋರಿಸಿದಳು:
ಎಲೆ, ಅಡಿಕೆ, ಹತ್ತರ ನೋಟು,
ಅರ್ಧ ಖಾಲಿಯಾದ ಗುಳಿಗೆಪಟ್ಟಿ.
ಕೌಲ್ ಬಜಾರಿನ ಮಾಬುನ್ನಿ
ಜೀನ್ಸಿಗೆ ಜೇಬು ಕೂಡಿಸುತ್ತ, ಮಿಷನ್ ನಿಲ್ಲಿಸದೆ,
"ದಿನಕ್ಕ ಇನ್ನೂರು ಜೇಬು ಅಕ್ಕ,
ಗುಳಿಗಿ ಇಲ್ಲಾಂದ್ರ ಕೈ ಅರವತ್ತಕ್ಕ ನಿಂತ್ಬಿಡ್ತೈತಿ."
ಆ ಸಾಲಿನಲ್ಲಿ ಹನ್ನೊಂದು ಮಿಷನ್ನು.
ಹನ್ನೊಂದನ್ನೂ ಕೇಳಿದೆ.
ಗೈಡ್ ಸರ್ ಬೆರಳೆಣಿಸಿ ನಾಚಿದರು: "ಬುಧವಾರ ನಾನೂ..."
ನನ್ನನ್ನು ನಾನು ಕೇಳಿಕೊಳ್ಳಲಿಲ್ಲ.
ತಿಂಗಳ ಆ ಮೂರು ದಿನ ನೆನಪಿದ್ದವು.

ಕಡೆಗೆ ಮೊಟ್ಟೆ ತಂದೆ. ಏಳು ರೂಪಾಯಿ.
ಕೋಳಿಯನ್ನು ಕೇಳುವಂತಿಲ್ಲ.

ಎಪ್ಪತ್ತು ಡಿಗ್ರಿಯಲ್ಲಿ ಬಿಳಿಲೋಳೆ, ಐದು ನಿಮಿಷ.
ಬರೀ ನೀರಿನ ಕೊಳವೆ ಹಾಲಾಯಿತು.
ಅಂಗಡಿ ಗುಳಿಗೆಯದು ತಿಳಿಯಾಗಿಯೇ ನಿಂತಿತು.
ಪಾಚಿಯದು ಎರಡರ ನಡುವೆ:
ಮಬ್ಬು,
ಆದರೂ ಆಚೆ ಹಿಡಿದ ಬೆರಳು ಕಾಣುವಷ್ಟು.
ನೂರಕ್ಕೆ ಐವತ್ತೇಳು. ಮತ್ತೆ ಮಾಡಿದೆ, ಐವತ್ತೊಂದು.
ಮೂರನೆಯ ಸಲಕ್ಕೆ ಕರೆಂಟು ಹೋಯಿತು.

ನೋಟ್‌ಬುಕ್ಕಿನಲ್ಲಿ ಬರೆದೆ:
ರಕ್ತದ ಪರೀಕ್ಷೆ ಬಾಕಿ. ಯೋಗ್ಯ ದಾನಿ ದೊರೆತಿಲ್ಲ.

ಸಂಜೆ ಸುಂಕಮ್ಮ ಬಾಗಿಲಲ್ಲಿ ನಿಂತು,
"ಆ ಹಸಿರುದು ಚೂರು ಉಳದೈತೇನ್ರಿ?
ಮೊಣಕೈಗೆ ಹಚ್ಕಂತೀನಿ."
ಬೇಡ ಅಂದೆ. ಇನ್ನೂ ಗೊತ್ತಿಲ್ಲ ಅಂದೆ.
"ಗೊತ್ತಾಗಾದು ಯಾವಾಗ?"

ಉತ್ತರಕ್ಕೆ ಕಾಯದೆ ಸಿಂಕಿಗೆ ಬಾಗಿದಳು.
ನಲ್ಲಿಯ ಬುಡದಲ್ಲಿ ಕಟ್ಟಿದ ಪಾಚಿಯನ್ನು
ನಾರು ಹಿಡಿದು, ಎಡಗೈಯಿಂದ,
ಉಜ್ಜಿ ಉಜ್ಜಿ ತೆಗೆದಳು.