ಇಪ್ಪತ್ತು ತೆತ್ರಿ

ರುಸ್ತವಿಯ ಈ ಹತ್ತಂತಸ್ತಿನ ಕಟ್ಟಡದ ಬುಡದಲ್ಲಿ
ಹಿಂದೆ ಯಾರದೋ ಗ್ಯಾರೇಜಾಗಿದ್ದ ಗೂಡು ನನ್ನ ಅಂಗಡಿ.
ತಕ್ಕಡಿ ಒಂದು, ಫ್ರಿಜ್ಜು ಒಂದು,
ದಾರಕ್ಕೆ ಕಟ್ಟಿದ ಪೆನ್ಸಿಲ್ಲು, ಹಸಿರು ರಟ್ಟಿನ ಪುಸ್ತಕ.
ನಿಸಿಯಾ ಅನ್ನುತ್ತೇವೆ ಇಲ್ಲಿ. ಉದ್ರಿ.
ಯಾರ ಪಿಂಚಣಿ ತಡವಾಯಿತು,
ಯಾರ ಮನೆಯ ನೆಂಟರು ವಾರವಾದರೂ ಹೊರಟಿಲ್ಲ,
ಪಾದ್ರಿಗಿಂತ ಮೊದಲು ನನಗೆ ಗೊತ್ತು,
ಸಕ್ಕರೆಯ ಲೆಕ್ಕದಲ್ಲಿ.

ಪುಸ್ತಕದಲ್ಲಿ ಪೂರ್ತಿ ಹೆಸರಿಲ್ಲ.
'ಕೆಂಗೂದಲು, ಮೂರನೆಯದು': ಎಣ್ಣೆ, ಸಾಬೂನು.
'ನಾಯಿಯವಳು': ನಾಯಿಗೆ ಸಾಸೇಜು, ತನಗೆ ಬರೀ ಬ್ರೆಡ್ಡು.
ಟ್ಯಾಕ್ಸಿಯ ಬಾದ್ರಿ: ಸಿಗರೇಟು, ಸಿಗರೇಟು,
ಪುಟ ತಿರುಗಿಸಿದರೆ ಮತ್ತೆ ಸಿಗರೇಟು.
ಬಾದ್ರಿಯ ಉದ್ರಿ ಹೊಗೆಯಾಗಿ ಹೋಯಿತು,
ಹೊಗೆಯನ್ನು ಯಾವ ಕೋರ್ಟು ಜಪ್ತಿ ಮಾಡೀತು?
ಕೇಳಿದರೆ ನಗುತ್ತಾನೆ ಚಿನ್ನದ ಹಲ್ಲು ಕಾಣುವಂತೆ.
ಒಮ್ಮೊಮ್ಮೆ ಆ ಹಲ್ಲಿನ ತೂಕ ಅಂದಾಜು ಮಾಡುತ್ತೇನೆ.

ಮಂಗಳವಾರ ಲಾಶಾ ವ್ಯಾನು ನಿಲ್ಲಿಸಿ
ಇಂಜಿನ್ನು ಆರಿಸದೆಯೇ ಹೇಳಿದ:
'ಹಳೆಯದು ತೀರಿಸು ನಜಿಬ್ರೋಲಾ, ಆಮೇಲೆ ಹೊಸ ಮೂಟೆ.
ಶುಕ್ರವಾರ ಬರುತ್ತೇನೆ.'
ಅವನ ಫೋನಿನಲ್ಲಿ ನನಗೂ ಒಂದು ಸಾಲು.
ಅಲ್ಲಿ ನಾನು ಏನೋ,
'ಗ್ಯಾರೇಜಿನವಳು'? 'ಸತಾಯಿಸುವವಳು'?

ಗುರುವಾರ ಸಂಜೆ ಬಾಗಿಲೆಳೆದು ವಸೂಲಿಗೆ ಹೊರಟೆ.
ಮೊದಲು ದೊಡ್ಡ ಬಾಕಿ: ಒಂಬತ್ತನೇ ಮಹಡಿ, ಓತಾರ್ ಮೇಷ್ಟ್ರು,
ಎಂಬತ್ತಾರು ಲಾರಿ, ನಲವತ್ತು ತೆತ್ರಿ.

ನಮ್ಮ ಲಿಫ್ಟು ಪುಕ್ಕಟೆ ಏರುವುದಿಲ್ಲ.
ಗೋಡೆಯ ಡಬ್ಬಿಗೆ ಇಪ್ಪತ್ತು ತೆತ್ರಿ ಬಿದ್ದರೆ ಮಾತ್ರ ಉಸಿರು.
ಹಳೆಯ ಪರಿಚಯ, ಕಷ್ಟಸುಖ ಯಾವುದನ್ನೂ ಕೇಳದ
ಇಡೀ ಕಟ್ಟಡದ ಒಬ್ಬನೇ ಜಾಣ ವ್ಯಾಪಾರಿ.
ಬರಬೇಕಾದ್ದನ್ನು ತರುವುದಕ್ಕೂ
ತೆತ್ರಿ ತೆತ್ತು ಹೋದೆ.

ಬಾಗಿಲ ಪಕ್ಕ ನೀಲಿ ಹಗ್ಗದ ಬುಟ್ಟಿ.
ಆರು ತಿಂಗಳಿಂದ ನನಗೆ ಮೇಷ್ಟ್ರೆಂದರೆ ಆ ಬುಟ್ಟಿಯೇ:
ಬಾಲ್ಕನಿಯಿಂದ ಚೀಟಿ ಹೊತ್ತು ಇಳಿಯುವುದು,
ಬ್ರೆಡ್ಡು ಹೊತ್ತು ತೂಗಾಡುತ್ತ ಏರುವುದು.
ಮಂಡಿನೋವು ಅನ್ನುತ್ತಾರೆ.
ನಾಚಿಕೆಗೂ ಅದೇ ಹೆಸರಿರಬಹುದು.

ಕೂರಿಸಿದರು. ಕಾಫಿ ಇಟ್ಟರು.
ಪುಡಿ ನನ್ನದು. ಸಕ್ಕರೆ ನನ್ನದು.
ಒಲೆಗೆ ಗೀರಿದ ಕಡ್ಡಿಯೂ ನನ್ನದೇ, ಫೆಬ್ರವರಿಯ ಪುಟದಲ್ಲಿದೆ.
ದುಡ್ಡು ಬಾರದ ನನ್ನ ಕಾಫಿಯನ್ನು ನಾನೇ ಕುಡಿಯುತ್ತ
ಚಳಿಯ ಬಗ್ಗೆ ಮಾತಾಡಿದೆ.
ಕೇಳಬೇಕಾದ್ದು ಬಟ್ಟಲ ತಳದಲ್ಲಿ
ಚರಟದಂತೆ ಕೂತಿತು.

ಅವರೇ ಎದ್ದರು. ಕಪಾಟಿನಿಂದ ಭೂಗೋಳದ ಹಳೆಯ ನೋಟ್‌ಬುಕ್ಕು.
ಹಿಂದಿನ ಪುಟಗಳಲ್ಲಿ ತಾರೀಖು, ವಸ್ತು, ಬೆಲೆ,
ಕೆಂಪು ಶಾಯಿ, ದುಂಡು ಅಕ್ಷರ.
'ನಿನ್ನ ಲೆಕ್ಕ ಎಷ್ಟು?'
ಹೇಳಿದೆ.
'ತಪ್ಪು,' ಎಂದರು, ಮೂವತ್ತು ವರ್ಷದ ಹಿಂದೆ
ಕಪ್ಪುಹಲಗೆಯ ಮುಂದೆ ಎಂದಂತೆಯೇ.
'ತೊಂಬತ್ತೊಂದು ಹತ್ತು. ಕರೆಂಟು ಹೋದ ರಾತ್ರಿಯ
ಎರಡು ಮೇಣದಬತ್ತಿ ನೀನು ಬರೆದಿಲ್ಲ. ಒಂದು ಬ್ರೆಡ್ಡೂ.'

ದುಡ್ಡಿದೆ ಎನ್ನಲಿಲ್ಲ. ಇಲ್ಲ ಎನ್ನಲೂ ಇಲ್ಲ.
ವಸೂಲಿಗೆ ಹೋದವಳು ಬಾಕಿ ಬೆಳೆಸಿಕೊಂಡು
ಮೆಟ್ಟಿಲಿಳಿದೆ, ಇನ್ನೊಂದು ಬಾಗಿಲೂ ತಟ್ಟದೆ.
ಐದನೆಯದರಲ್ಲಿ ನಾಯಿಯವಳ ನಾಯಿ
ಹೆಜ್ಜೆ ಗುರುತಿಸಿ ಒಳಗಿಂದ ಕುಂಯ್‌ಗುಟ್ಟಿತು.
ಸಾಸೇಜಿನ ಋಣ.

ಬೆಳಿಗ್ಗೆ ಬುಟ್ಟಿ ಇಳಿಯಿತು.
ಚೀಟಿ: 'ಬ್ರೆಡ್ಡು ಒಂದು. ಈ ಸಲ ಮರೆಯದೆ ಬರೆದುಕೋ.'
ಅದರಡಿ ಕಾಗದದಲ್ಲಿ ಸುತ್ತಿದ ಇಪ್ಪತ್ತು ತೆತ್ರಿ,
ಕಾಗದದ ಮೇಲೆ ಕೆಂಪು ಶಾಯಿ: 'ಲಿಫ್ಟಿಗೆ.'

ತಲೆಯೆತ್ತಿದೆ. ಬಾಲ್ಕನಿಯಲ್ಲಿ ಯಾರೂ ಇಲ್ಲ, ಹಗ್ಗ ಮಾತ್ರ.
ಬ್ರೆಡ್ಡಿಟ್ಟು ಎರಡು ಸಲ ಜಗ್ಗಿದೆ. ಏರಿತು.

ಬ್ರೆಡ್ಡು ಬರೆದೆ. ಮೇಣದಬತ್ತಿ ಬರೆದೆ.
ಈ ನಾಣ್ಯವನ್ನು ಎಲ್ಲಿ ಬರೆಯಲಿ?
ಬಂದದ್ದರಲ್ಲಿ ಹಾಕಿದರೆ ಬಾಕಿ ಇಷ್ಟೇ ಇಷ್ಟು ಕರಗೀತು,
ಆದರೆ ಅದು ಬಾಕಿಗೆಂದು ಬಂದದ್ದಲ್ಲ.
ಪೆನ್ಸಿಲ್ಲು ದಾರದ ಕೊನೆಯಲ್ಲಿ ತೂಗುತ್ತಿದೆ.
ಹೊರಗೆ ಹಾರನ್ನು. ಲಾಶಾ.
ಇಂಜಿನ್ನು ಇವತ್ತೂ ಆರಿಸಿಲ್ಲ.